ಬೀಗ ಹಾಕಿಕೊಂಡ ಬ್ಯಾಟರಿ

ಬಸವಕಲ್ಯಾಣದಿಂದ ಹುಮನಾಬಾದಿನವರೆಗೆ ಯಾವ ಯಂತ್ರವನ್ನಾದರೂ ನಿಲ್ಲಿಸಿ, ಬಕ್ಕಪ್ಪನವರು ಗೊತ್ತೇ ಎಂದು ಕೇಳಿ ನೋಡಿ. ಅದು ನಡುಗದೆ ಉತ್ತರ ಕೊಟ್ಟರೆ ನನ್ನ ಹೆಸರು ಬದಲಿಸಿ. ಊರಿನ ನೀರಿನ ಪಂಪುಗಳನ್ನು ಮೂವತ್ತು ವರ್ಷ ನೋಡಿಕೊಂಡು ನಿವೃತ್ತನಾದವನು ನಾನು. ಪಂಪ್‌ಹೌಸಿನ ಬಾಗಿಲಲ್ಲಿ ನಾನು ಕೆಮ್ಮಿದರೆ ಸಾಕು, ಒಳಗೆ ಮೋಟರು ತಾನಾಗಿಯೇ ಸುರುವಾಗುತ್ತಿತ್ತು. ಮೇಲಿನ ಟಾಕಿಗೆ ಏರಲು ಒಲ್ಲೆನೆಂದು ಹಟ ಹಿಡಿದ ನೀರನ್ನು ಬರೀ ಗದರಿಸಿ ಏರಿಸಿದ ದಿನಗಳೂ ಇವೆ. (ಸಾಕ್ಷಿ ಬೇಕೆಂದರೆ ಆ ನೀರು ಕುಡಿದವರೆಲ್ಲ ಊರಲ್ಲೇ ಇದ್ದಾರೆ.) ನನ್ನ ಮಾತು ಮೀರಿದ ಯಂತ್ರ ಈ ಭೂಮಂಡಲದಲ್ಲಿ ಇನ್ನೂ ತಯಾರಾಗಿಲ್ಲ.

ಇಷ್ಟನ್ನು ಮೊದಲೇ ಹೇಳಿಬಿಡಲು ಕಾರಣವಿದೆ. ಒಂದು ಬ್ಯಾಟರಿಯ ವಿಷಯದಲ್ಲಿ ಊರ ತುಂಬ ಬೇರೆಯೇ ಸುದ್ದಿ ಹಬ್ಬಿದೆ. (ನಮ್ಮ ಕಡೆ ಟಾರ್ಚಿಗೆ ಬ್ಯಾಟರಿ ಎನ್ನುತ್ತಾರೆ. ಅದರೊಳಗೆ ಹಾಕುವುದು ಸೆಲ್ಲು. ಹೊರಗಿನವರಿಗೆ ಗೊಂದಲವಾದರೆ ಅದು ಅವರ ಕರ್ಮ.) ಕೇಳುವುದಿದ್ದರೆ ನನ್ನ ಬಾಯಿಂದಲೇ ಕೇಳಿ.

೨೦೦೯ರ ಶ್ರಾವಣದಲ್ಲಿ ನನ್ನ ಹೆಂಡತಿ ಮಾಣಿಕಮ್ಮನ ತಮ್ಮ ಶರಣಕುಮಾರ ಹುಮನಾಬಾದಿನಿಂದ ನಮ್ಮ ಮನೆಗೆ ಬಂದ. ಅಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಅವನದು ಎಲೆಕ್ಟ್ರಿಕ್ ಸಾಮಾನಿನ ಅಂಗಡಿ. ಬರುವಾಗ ಅಕ್ಕನಿಗೆ ಸೀರೆ, ಭಾವನಿಗೆ ಬ್ಯಾಟರಿ ತಂದಿದ್ದ. ಕಪ್ಪಗೆ, ಕುಳ್ಳಗೆ, ಎಳೆ ಬದನೆಕಾಯಿಯಂತಿತ್ತು. ಬದಿಯಲ್ಲಿ ಒಂದೇ ಒಂದು ರಬ್ಬರ್ ಗುಂಡಿ.

“ಭಾವಾರ, ಇದು ಹಳೀ ನಮೂನಿ ಅಲ್ರಿ. ಇದಕ್ಕ ನೆನಪು ಅದ,” ಎಂದ.

“ಬ್ಯಾಟರಿಗಿ ನೆನಪಾ?”

“ಹೌದ್ರಿ. ಒಮ್ಮಿ ಒತ್ತಿದ್ರ ಹತ್ತತದ, ಇನ್ನೊಮ್ಮಿ ಒತ್ತಿದ್ರ ಆರತದ. ಸಣ್ಣ ಬೆಳಕು, ನಡುವಿನ ಬೆಳಕು, ಜೋರು ಬೆಳಕು, ಆಮ್ಯಾಲ ಹತ್ತಿ ಆರಿ ಹತ್ತಿ ಆರಿ ಮಾಡೋ ಚಕಮಕಿ. ಹತ್ತಿದಾಗ ಗುಂಡಿ ಹಿಡಕೊಂಡು ನಿಂತ್ರ ಒಂದಾದ ಮ್ಯಾಗ ಒಂದು ಬರ್ತಾವ. ನೀವು ಯಾವ ಬೆಳಕಿನ್ಯಾಗ ಆರಸ್ತೀರಿ, ಮತ್ತ ಹಚ್ಚಿದಾಗ ಅದೇ ಬೆಳಕು ಬರ್ತದ. ಮರೆಯಂಗಿಲ್ಲ.”

ಮಾಣಿಕಮ್ಮ ಅಡಿಗೆ ಮನೆಯಿಂದಲೇ ದನಿ ಎತ್ತಿದಳು. “ಹೇಳಿದ್ದು ನೆನಪಿಡೋದು ಈ ಮನ್ಯಾಗ ಒಂದರೆ ಬಂತಲ್ಲಪ್ಪ!”

“ಇನ್ನೊಂದು ಅದ ಭಾವಾರ. ಆರಿದಾಗ ಗುಂಡಿ ಉದ್ದಕ ಒತ್ತಿ ಹಿಡಿದ್ರ...”

“ಸಾಕು ಬಿಡೋ,” ಎಂದೆ. “ಗುಂಡಿ ಒತ್ತೋದು ನೀ ನನಗ ಕಲಸ್ತಿಯೇನು? ನಾ ಒತ್ತಿದ ಗುಂಡಿಗಿ ಇಡೀ ಕಲ್ಯಾಣ ನೀರು ಕುಡದದ.”

ಅವನು ಬಾಯಿ ಮುಚ್ಚಿದ. ದೊಡ್ಡವರ ಮುಂದೆ ಬಾಯಿ ಮುಚ್ಚುವ ಒಳ್ಳೆಯ ಗುಣ ಅವನ ಅಕ್ಕನಿಗೆ ಬರಲಿಲ್ಲ ಎಂಬುದೇ ನನ್ನ ಕೊರಗು.

ಬ್ಯಾಟರಿಯ ನೆನಪಿನ ಬಿಸಿ ಮೊದಲು ತಟ್ಟಿದ್ದು ಎದುರು ಮನೆಯ ಸಖುಬಾಯಿಗೆ. ಒಂದು ಸಂಜೆ ನಾನು ಹಿತ್ತಲಿನ ಪೇರಲ ಗಿಡಕ್ಕೆ ಬಂದ ಬಾವಲಿಗಳ ಮೇಲೆ ಚಕಮಕಿ ಬಿಟ್ಟು ಓಡಿಸಿದ್ದೆ. (ಆ ಹೊಡೆತಕ್ಕೆ ಅವು ಹುಲಸೂರು ದಾಟಿ ಮಹಾರಾಷ್ಟ್ರಕ್ಕೆ ಹೋಗಿ, ಈಗ ಮರಾಠಿಯಲ್ಲೇ ಚೀರುತ್ತವೆಂದು ಕೇಳಿದ್ದೇನೆ.) ಮರುದಿನ ದೀಪ ಹಚ್ಚುವ ಹೊತ್ತಿಗೆ ಕರೆಂಟು ಹೋಯಿತು. ಹೆಪ್ಪಿಗೆ ಮೊಸರು ಒಯ್ಯಲು ಬಂದಿದ್ದ ಸಖುಬಾಯಿ ನಮ್ಮ ಮೆಟ್ಟಿಲ ಮೇಲಿದ್ದಳು. “ನೋಡ್ಕೊಂಡು ಇಳೀರಿ ಬಾಯಿ” ಎಂದು ದೊಡ್ಡ ಮನಸ್ಸಿನಿಂದ ಬೆಳಕು ಬಿಟ್ಟೆ. ಬ್ಯಾಟರಿಗೆ ನಿನ್ನೆಯ ಬಾವಲಿಗಳ ನೆನಪಿತ್ತು.

“ಅಯ್ಯಯ್ಯ, ಮೆಟ್ಟಲಾ ಕುಣಿಯಾಕತ್ತಾವ!” ಎಂದು ಚೀರಿದ ಸಖುಬಾಯಿ ಎಲ್ಲ ಮೆಟ್ಟಿಲುಗಳನ್ನೂ ಒಂದೇ ಸಲ ಇಳಿದಳು. ಸೊಂಟ ಆಕೆಯದು ಉಳುಕಿತು, ಮೊಸರು ನಮ್ಮದು ಹೋಯಿತು, ಬೈಗುಳವೆಲ್ಲ ನನಗೆ ಬಂತು.

“ಅದಕ್ಕ ನೆನಪದ, ನಿಮಗಿಲ್ಲ,” ಎಂದಳು ಮಾಣಿಕಮ್ಮ. “ಸಣ್ಣ ಬೆಳಕಿಗಿ ತಂದು ಆರಸಿದ್ರ ನಿಮ್ಮ ಗಂಟೇನು ಹೋಗ್ತಿತ್ತು?”

ನಾನು ಹಾಗೆ ಆರಿಸಲಿಲ್ಲ, ಹಾಗೆ ಆರಿಸುವುದೂ ಇಲ್ಲ. ಯಂತ್ರದ ನೆನಪಿಗೆ ತಕ್ಕಂತೆ ಮನುಷ್ಯ ನಡೆಯಬೇಕೇ? ಹಟ ಹಿಡಿದು ಚಕಮಕಿಯಲ್ಲೇ ಹಚ್ಚಿದೆ, ಚಕಮಕಿಯಲ್ಲೇ ಆರಿಸಿದೆ.

ಮಹಾನವಮಿ ಬಂತು. ಅಂದು ನಮ್ಮಲ್ಲಿ ಖಂಡೆ ಪೂಜೆ. ವರ್ಷವಿಡೀ ಮನೆಗಾಗಿ ದುಡಿಯುವ ಸಾಮಾನಿಗೆಲ್ಲ ಆ ದಿನ ವಿಭೂತಿ, ಕುಂಕುಮ, ಹೂವು. (ವರ್ಷವಿಡೀ ಮನೆಗಾಗಿ ದುಡಿಯುವ ಗಂಡನಿಗೆ ಇಂಥದೇನೂ ಇಲ್ಲ.) ಮಾಣಿಕಮ್ಮ ಜಮಖಾನೆಯ ಮೇಲೆ ಈಳಿಗೆ, ಕುಡುಗೋಲು, ನಟ್ಟು ತಿರುಗಿಸುವ ನನ್ನ ಪಾನಾಗಳು, ಮಿಕ್ಸರು, ಹೊಲಿಗೆ ಯಂತ್ರ ಎಲ್ಲವನ್ನೂ ಸಾಲಾಗಿ ಕೂರಿಸಿ, ತವರಿನದೆಂಬ ಕಾರಣಕ್ಕೆ ಬ್ಯಾಟರಿಗೆ ನಡುವಿನ ಸಿಂಹಾಸನ ಕೊಟ್ಟಳು. ಅದರ ಕೊರಳಿಗೆ ಮೂರು ಬೆರಳು ವಿಭೂತಿಯೂ ಬಂತು. ಕುಂಕುಮದ ಹೊತ್ತಿಗೆ ಆಕೆಯ ಕೈ ತಡೆಯಿತು.

“ಏನ್ರಿ, ಇದರ ಹಣಿ ಯಾವದು?”

“ಬ್ಯಾಟರಿಗಿ ಎಲ್ಲಿ ಹಣಿ ಇರ್ತದ?”

“ಮಿಕ್ಸರಿಗಿ ಗುಂಡೀನೇ ಹಣಿ. ಟೀವಿಗೂ ಗುಂಡೀನೇ ಹಣಿ. ಇದಕ್ಕೂ ಗುಂಡೀನೇ ಆಗಬೇಕು.”

ತರ್ಕ ಗಟ್ಟಿಯಾಗಿತ್ತು, ನಾನು ತಲೆಯಾಡಿಸಿದೆ. ಆಕೆ ಹೆಬ್ಬೆರಳಿನಿಂದ ಗುಂಡಿಯ ಮೇಲೆ ಕುಂಕುಮ ಒತ್ತಿದಳು. ಒತ್ತಿದ ಬೆರಳನ್ನು ತೆಗೆಯದೆ ಕಣ್ಣು ಮುಚ್ಚಿ ಬೇಡಿಕೊಳ್ಳಲು ನಿಂತಳು. ಮೊದಲು ತಮ್ಮ, ತಮ್ಮನ ಹೆಂಡತಿ, ತಮ್ಮನ ಅಂಗಡಿ, ಅಂಗಡಿಯ ಶಟರು. ಆಮೇಲೆ ಮಗಳು, ಅಳಿಯ, ಸಖುಬಾಯಿಯ ಸೊಂಟ. ಎಲ್ಲರ ಕ್ಷೇಮವಾದ ಮೇಲೆ, ಪ್ರಸಾದದ ಕೊನೆಯ ಚೂರಿನಂತೆ ನಾನು. ಬೇಡಿಕೆ ಇನ್ನೂ ಅಂಗಡಿಯ ಶಟರಿನಲ್ಲಿರುವಾಗಲೇ ಬ್ಯಾಟರಿ ಎರಡು ಸಲ ಮಿನುಗಿ ಸುಮ್ಮನಾಯಿತು.

“ನೋಡಿದ್ರ್ಯಾ! ಪೂಜಿ ಮುಟ್ತು!” ಎಂದಳು.

ಬನ್ನಿ ಕೊಟ್ಟು ಬಂಗಾರದಂತೆ ಇರೋಣ ಎಂದು ಊರೆಲ್ಲ ಹೇಳಿಕೊಂಡು ಬಂದ ಸಂಜೆ ಕರೆಂಟು ಹೋಯಿತು. ಬ್ಯಾಟರಿಯ ಗುಂಡಿ ಒತ್ತಿದೆ. ಹತ್ತಲಿಲ್ಲ. ಟಕಟಕ ಒತ್ತಿದೆ. ಕುಟ್ಟಿದೆ. ಮರುದಿನ ಹೊಸ ಸೆಲ್ಲು ಹಾಕಿದೆ, ಒಳಗಿನ ಸ್ಪ್ರಿಂಗನ್ನು ಉಜ್ಜುಕಾಗದದಿಂದ ಉಜ್ಜಿ ಥಳಥಳಿಸಿದೆ, ಬಿಸಿಲಿಗಿಟ್ಟೆ, ಗದರಿಸಿಯೂ ನೋಡಿದೆ. ಪಂಪ್‌ಹೌಸಿನ ಬಾಗಿಲಲ್ಲಿ ಕೆಮ್ಮಿದಂತೆ ಒಮ್ಮೆ ಕೆಮ್ಮಿದೆ ಕೂಡ. ಕೊನೆಗೆ ತಜ್ಞನಾಗಿ ತೀರ್ಪು ಕೊಟ್ಟೆ.

“ಇದು ಹುಟ್ಟುರೋಗ. ನಿನ್ನ ತಮ್ಮ ಅಂಗಡ್ಯಾಗ ಮಾರಾಟ ಆಗಲಾರದ ಮಾಲು ತಂದು ಭಾವನ ಕೊರಳಿಗಿ ಕಟ್ಯಾನ.”

“ಏನಂದ್ರಿ? ಇನ್ನೊಮ್ಮಿ ಅನ್ರಿ.”

(ಬುದ್ಧಿವಂತ ಗಂಡ ಇಲ್ಲಿ ಸುಮ್ಮನಾಗುತ್ತಾನೆ. ನಾನು ಇನ್ನೊಮ್ಮೆ ಅಂದೆ. ಅಷ್ಟು ಸಾಲದೆಂದು ಸಂಜೆ ಚೌಕಿನ ಚಹಾದ ಅಂಗಡಿಯಲ್ಲೂ ಅಂದೆ.)

ನನ್ನ ಮಾತು ನನಗಿಂತ ಮೊದಲೇ ಮನೆ ಮುಟ್ಟಿತ್ತು. ತಂದವಳು ಸಖುಬಾಯಿ. ಆಕೆಯ ಸೊಂಟ ಉಳುಕಿತ್ತೇ ಹೊರತು ಕಿವಿಗೇನೂ ಆಗಿರಲಿಲ್ಲ.

“ನನ್ನ ತಮ್ಮಗ ಬಜಾರದಾಗ ಠಕ್ಕ ಅಂದ್ರಿ?” ಮಾಣಿಕಮ್ಮನ ದನಿ ಏರಲೇ ಇಲ್ಲ. ಅದೇ ಭಯಂಕರ. “ಆ ಠಕ್ಕನ ಮನಿಗೇ ಹೋಗ್ತೀನಿ. ನಿಮಗ ಯಂತ್ರ ಎಲ್ಲಾ ಮಾತು ಕೇಳ್ತಾವಲ್ಲ, ಒಲಿಗಿ ಹೇಳ್ರಿ, ರೊಟ್ಟಿ ಸುಟ್ಟು ಕೊಡ್ತದ.”

ಮುಂಜಾನೆಯ ಬಸ್ಸಿಗೆ ಹೋಗೇಬಿಟ್ಟಳು.

ಒಲೆಗೆ ಹೇಳಿದೆ. ಅದು ಸುಟ್ಟಿತು, ಆದರೆ ಸುಡುವುದನ್ನು ನಿಲ್ಲಿಸುವುದು ಅದಕ್ಕೆ ತಿಳಿಯಲಿಲ್ಲ. ನಾನು ಬಡಿದ ಜೋಳದ ರೊಟ್ಟಿಯೊಂದನ್ನು ಕಾಗೆ ಎತ್ತಿಕೊಂಡು ಹೋಗಿ, ಭಾರ ತಾಳಲಾರದೆ ಸಖುಬಾಯಿಯ ಮನೆಯ ತಗಡಿನ ಮೇಲೆ ಬೀಳಿಸಿತು. ತಗಡಿಗೆ ಬಿದ್ದ ತಗ್ಗಿನಲ್ಲಿ ಈಗಲೂ ಮಳೆನೀರು ನಿಂತು ಗುಬ್ಬಿಗಳು ಸ್ನಾನ ಮಾಡುತ್ತವೆ. ಹೊಟ್ಟೆಯ ಪಾಡನ್ನಾದರೂ ತಡೆದುಕೊಳ್ಳುತ್ತಿದ್ದೆ. ಆದರೆ ದೀಪಾವಳಿ ಎದುರಿಗೇ ಬಂದು ನಿಂತಿತ್ತು. ಆ ಬೇಸಗೆಯಲ್ಲಷ್ಟೇ ಮಗಳು ಐಶ್ವರ್ಯಳ ಮದುವೆಯಾಗಿತ್ತು. ಅಳಿಯ ಓಂಪ್ರಕಾಶ ಮೊದಲ ದೀಪಾವಳಿಗೆ ಭಾಲ್ಕಿಯಿಂದ ಬರುವವನಿದ್ದ, ಜೊತೆಗೆ ಅವನ ತಂದೆತಾಯಿ ಕೂಡ. ಹೊಸ ಅಳಿಯನಿಗೆ ಎಣ್ಣೆ ಹಚ್ಚಿ, ಆರತಿ ಎತ್ತಿ, ಹೋಳಿಗೆ ಬಡಿಸಬೇಕಾದ ಅತ್ತೆಯೇ ಮನೆಯಲ್ಲಿಲ್ಲ. ಅತ್ತೆ ಎಲ್ಲಿ ಎಂದು ಬೀಗರು ಕೇಳಿದರೆ, ಒಂದು ಬ್ಯಾಟರಿಯ ಸಲುವಾಗಿ ತವರಿಗೆ ಹೋಗಿದ್ದಾಳೆ ಎನ್ನಲೇ? ಮಗಳು ಮುಂದೆ ಆ ಮನೆಯಲ್ಲಿ ತಲೆ ಎತ್ತಿ ತಿರುಗುವುದು ಹೇಗೆ?

ಶರಣಕುಮಾರನಿಗೆ ಫೋನು ಮಾಡಿದೆ. ಎತ್ತಿದವಳು ಅವನ ಅಕ್ಕ.

“ಬ್ಯಾಟರಿ ತೊಗೊಂಡು ಅಂಗಡಿಗಿ ಬರ್ರಿ,” ಎಂದಳು. “ನಾಕು ಮಂದಿ ಮುಂದ ತಮ್ಮ ನೋಡ್ಲಿ. ಅದು ಖರೇನೇ ಸತ್ತಿದ್ರ ಅಂವಾ ನಿಮ್ಮ ಕಾಲು ಹಿಡೀತಾನ. ಹತ್ತಿತಂದ್ರ ‘ತಪ್ಪು ನಂದೇ’ ಅಂತ ಅದೇ ನಾಕು ಮಂದಿ ಮುಂದ ನೀವು ಅನಬೇಕು. ಹ್ಯಾಂಗಾದ್ರೂ ನಾ ನಿಮ್ಮ ಸಂಗಟ ಬರ್ತೀನಿ. ಆದ್ರ ಆಮ್ಯಾಲ ಯಾರ ಮುಂದರೆ ನನ್ನ ತಮ್ಮನ ಹೆಸರು ಕೆಡಿಸಿದ್ದು ಕಿವಿಗಿ ಬಿತ್ತಂದ್ರ, ಎಲ್ಲಿರ್ತೀನೋ ಅಲ್ಲಿಂದ ತಿರುಗಿ ಹೋಗ್ತೀನಿ. ಅಳಿಯಗ ಆರತಿ ನೀವೇ ಮಾಡ್ರಿ.”

“ಮಾವ ಅಳಿಯಗ ಆರತಿ ಮಾಡೋದು ಎಲ್ಲರೆ ಅದನಾ?”

“ರೊಟ್ಟಿ ಮಾಡಾಕ ಕಲತೀರಲ್ಲ, ಅದೂ ಬರ್ತದ.”

ಹುಮನಾಬಾದಿನ ಬಸ್ಸಿನಲ್ಲಿ ಬ್ಯಾಟರಿಯನ್ನು ಕೈಯಲ್ಲಿ ಹಿಡಿದುಕೊಂಡು ದಾರಿಯುದ್ದಕ್ಕೂ ಅದರ ಮುಖ ನೋಡಿದೆ. ಇವತ್ತೊಂದು ದಿನ ಸತ್ತಿರು, ನಿನಗೆ ಪುಣ್ಯ ಬರುತ್ತದೆ ಎಂದು ಕೇಳಿಕೊಂಡೆ.

ಶರಣಕುಮಾರನ ಅಂಗಡಿಯ ಮುಂದೆ ಸಭೆ ಕೂಡಿಯಾಗಿತ್ತು. ಪಕ್ಕದ ಟಯರ್ ಅಂಗಡಿಯ ಅಬ್ದುಲ್ ರಜಾಕ್ ಸ್ಟೂಲು ತಂದು ಹಾಕಿಕೊಂಡು ನ್ಯಾಯಾಧೀಶನಾಗಿದ್ದ. ಫ್ಯಾನು ಕೊಳ್ಳಲು ಬಂದ ಗಿರಾಕಿಗಳು ಫ್ಯಾನು ಮರೆತು ನಿಂತಿದ್ದರು. ಮಾಣಿಕಮ್ಮ ಚೀಲ ತಯಾರಿಟ್ಟುಕೊಂಡು ಕೌಂಟರಿನ ಪಕ್ಕ ಕೂತಿದ್ದಳು.

ಶರಣಕುಮಾರ ಬ್ಯಾಟರಿಯನ್ನು ತಿರುಗಿಸಿ ನೋಡಿದ. “ಭಾವಾರ, ಗುಂಡಿ ಒತ್ತಿ ನೋಡಿದ್ರೇನು?”

“ಒತ್ತಿ ಒತ್ತಿ ಬೆರಳ ಸವದಾವ.”

“ಒತ್ತಿ ಹಿಡಿದ್ರೇನು?”

“ಹಿಡಿಯೋದ್ಯಾಕ? ಅದೇನು ಎಮ್ಮಿ ಮೊಲಿ ಏನು?”

ಅವನು ನಕ್ಕು ಗುಂಡಿಯನ್ನು ಒತ್ತಿ ಹಿಡಿದ. ಹಿಡಿದೇ ಇದ್ದ. ಬ್ಯಾಟರಿ ಎರಡು ಸಲ ಮಿನುಗಿತು. ಬೆರಳು ತೆಗೆದು ಇನ್ನೊಮ್ಮೆ ಒತ್ತಿದ. ಅಂಗಡಿ ತುಂಬ ಚಕಮಕಿ! ಫ್ಯಾನುಗಳು, ಬಲ್ಬುಗಳು, ಗಿರಾಕಿಗಳ ಹಲ್ಲುಗಳು ಎಲ್ಲ ಕುಣಿಯತೊಡಗಿದವು.

“ಕೆಟ್ಟಿಲ್ರಿ. ಬೀಗ ಬಿದ್ದಿತ್ತು,” ಎಂದ. “ಈ ಗುಂಡಿ ಹಳೀ ಬ್ಯಾಟರಿ ಗುಂಡಿ ಹಂಗ ಕರೆಂಟ್ ಕಡಿಯಂಗಿಲ್ಲ. ಒಳಗೊಂದು ಸಣ್ಣ ಮಿದುಳು ಅದ, ಅದಕ್ಕ ಬರೇ ಸುದ್ದಿ ಮುಟ್ಟಸ್ತದ. ಆರಿದಾಗ ಒತ್ತಿ ಹಿಡಿದ್ರ ಆ ಮಿದುಳು ಬೀಗ ಹಾಕ್ಕೊಂಡು ಕೂಡ್ತದ. ಆಮ್ಯಾಲ ನೀವು ಎಷ್ಟರೆ ಟಕಟಕ ಮಾಡ್ರಿ, ಕೇಳಿದ್ರೂ ಕೇಳಲಾರದಂಗ ಇರ್ತದ. ಸೆಲ್ ಬದಲಿ ಮಾಡಿದ್ರೂ ಈ ಬೀಗ ಹೋಗಂಗಿಲ್ಲ. ಮತ್ತ ಒತ್ತಿ ಹಿಡಿದ್ರೇ ತೆಗೀತದ.”

“ಅರೆ, ನಮ್ಮ ಮನಿಯಾಕಿ ಹಂಗೇ ಅದಾಳಲ್ಲ!” ಎಂದ ರಜಾಕ್. “ಅಕಿಗಿ ಗುಂಡಿ ಎಲ್ಲದಂತ ಇನ್ನೂ ಸಿಕ್ಕಿಲ್ಲ.”

“ಇಂಥಾ ಬೀಗ ಎದಕ್ಕ ಇಟ್ಟಾರ ಹಾಳಾದವ್ರು?” ಎಂದೆ.

“ಕಿಸೆದಾಗ ತಾನೇ ಒತ್ತಿ ಹತ್ತಬಾರದಂತ್ರಿ. ಜೋರು ಬೆಳಕು, ಅಂಗಿ ಸುಟ್ಟೀತು.”

ಆಗ ನನ್ನ ಕಣ್ಣಿಗೆ ಗುಂಡಿಯ ಸುತ್ತಲ ಸಂದಿನಲ್ಲಿ ಕೆಂಪಗೆ ಉಳಿದ ಕುಂಕುಮ ಬಿತ್ತು. ಎಲ್ಲವೂ ಒಮ್ಮೆಲೇ ಹೊಳೆಯಿತು. “ಹಾಂ!” ಎಂದು ಗುಡುಗಿದೆ. “ಬೀಗ ಹಾಕಿದಾಕಿ ಇಲ್ಲೇ ಕುಂತಾಳ! ಖಂಡೇ ಪೂಜಿ ದಿನ ಕುಂಕುಮ ಹಚ್ಚಿ, ಗುಂಡಿ ಒತ್ತಿ ಹಿಡದು, ಹುಮನಾಬಾದಿಗೆಲ್ಲಾ ಒಳ್ಳೇದು ಬೇಡಿದಾಕಿ ಇಕಿನೇ!”

ಸಭೆ ಮಾಣಿಕಮ್ಮನ ಕಡೆ ತಿರುಗಿತು. ಗೆದ್ದೆ ಎಂದುಕೊಂಡೆ.

“ಹೌದು, ನಾನೇ,” ಎಂದಳು ಆಕೆ, ನಿಧಾನವಾಗಿ. “ನಾ ದೇವರಂತ ಒತ್ತಿದೆ. ನೀವು ಎಲ್ಲಾ ಗೊತ್ತದಂತ ಒತ್ತಿದ್ರಿ. ಅಡಿಗಿ ಮಾಡೋಕಿ ಗೊತ್ತಿಲ್ಲದ ಹಾಕಿದ ಬೀಗ, ಊರಿಗೆ ನೀರು ಕುಡಿಸಿದವ್ರಿಗಿ ತೆಗಿಯಾಕ ಆಗಲಿಲ್ಲೇನು? ಗುಂಡಿ ಹಿಡದು ಜರಾ ಸುಮ್ಮ ನಿಂತಿದ್ರ ಸಾಕಿತ್ತು. ಸುಮ್ಮ ನಿಂದ್ರೋದೊಂದೇ ನಿಮಗ ಬರಲಾರದ ಕೆಲಸ.”

ಫ್ಯಾನಿನ ಗಿರಾಕಿಗಳು ನಕ್ಕರು. ನಗದಿದ್ದವರಿಗೆ ಪಕ್ಕದವರು ಹೇಳಿ ನಗಿಸಿದರು.

“ತಪ್ಪು... ಆಗೇದ,” ಎಂದೆ.

“ಯಾರದು?”

“ನಂದೇ.”

“ರಜಾಕ್ ಭಾಯಿ, ಕೇಳಸ್ತೇನ್ರಿ?”

“ಟ್ಯೂಬಿನಿಂದ ಗಾಳಿ ಹೋದಂಗ ಸಣ್ಣಗ ಕೇಳಸ್ತು, ಅಕ್ಕಾ.”

“ತಪ್ಪು ನಂದೇ!” ಎಂದು ಕೂಗಿದೆ. ಹೆದ್ದಾರಿಯ ಮೇಲೆ ಸೋಲಾಪುರಕ್ಕೆ ಹೊರಟ ಲಾರಿಯೊಂದು, ತನಗೇ ಹೇಳಿದರೇನೋ ಎಂದು ಬ್ರೇಕು ಹಾಕಿತು.

ಮಾಣಿಕಮ್ಮ ಚೀಲ ಎತ್ತಿಕೊಂಡಳು. ನಾನು ಬ್ಯಾಟರಿ ಆರಿಸಿ ಅಂಗಿಯ ಎದೆಕಿಸೆಗೆ ಹಾಕಿದೆ.

“ಬಸ್ಸಿನ್ಯಾಗ ಒತ್ತೀತು, ಬೀಗ ಹಾಕ್ಕೊಳ್ರಿ ಭಾವಾರ,” ಎಂದ ಶರಣಕುಮಾರ.

“ನನ್ನ ಕಿಸೆದಾಗಿನ ಯಂತ್ರಕ್ಕ ಬೀಗ ಬೇಕಾಗಿಲ್ಲ. ನನ್ನ ಹೆದರಿಕಿನೇ ಸಾಕು,” ಎಂದೆ. ಮಾನ ಹೋದ ಮನುಷ್ಯ ಚಿಲ್ಲರೆಯನ್ನಾದರೂ ಉಳಿಸಿಕೊಳ್ಳಬೇಡವೇ?

ಸಂಜೆಯ ಬಸ್ಸು ತುಂಬಿ ತುಳುಕುತ್ತಿತ್ತು. ಮಾಣಿಕಮ್ಮನಿಗೆ ಮುಂದೆ ಹೆಂಗಸರ ಸೀಟು ಸಿಕ್ಕಿತು, ನನಗೆ ಹಿಂದಿನ ಉದ್ದ ಸೀಟಿನ ಮೂಲೆ. ಪಕ್ಕದಲ್ಲಿ ಮೋರಖಂಡಿಯ ಜ್ಞಾನೇಶ್ವರ ಕೂತಿದ್ದ. ಕುರಿ ಸಾಕುವವನು, ಹಳೆಯ ಪರಿಚಯ. ಹೊರಗೆ ಕತ್ತಲು ಇಳಿಯುತ್ತಿತ್ತು. ಬಸ್ಸಿನ ಒಳದೀಪಗಳು ಎಂದಿನಂತೆ ಹತ್ತಿರಲಿಲ್ಲ.

“ಬಕ್ಕಪ್ಪ ಕಾಕಾ, ಅಂಗಡಿ ಮುಂದ ಗದ್ದಲ ಇತ್ತಲ್ಲ, ಏನದು?” ಎಂದ.

ನೋಡಿ, ನಾನು ಸುಮ್ಮನಿರಬೇಕೆಂದೇ ಕೂತಿದ್ದೆ. ಆದರೆ ಮಾಣಿಕಮ್ಮ ದೂರ ಇದ್ದಳು, ಎಂಜಿನ್ನು ಗುಡುಗುತ್ತ ಇತ್ತು, ಜ್ಞಾನೇಶ್ವರನ ಮುಖದಲ್ಲಿ ಅಪಾರ ಭಕ್ತಿಯಿತ್ತು.

“ಏನಿಲ್ಲೋ,” ಎಂದೆ. “ನಮ್ಮ ಶರಣಕುಮಾರಗ ಒಂದು ಬ್ಯಾಟರಿ ತಿಳೀಲಾರದ ಕುಂತಿತ್ತು. ಕೈಕಾಲು ಹಿಡಕೊಂಡ. ನಾ ಹೋಗಿ ಬೀಗ ತೆಗದು, ಅದರ ಮಿದುಳು ಎಲ್ಲದ, ನೆನಪು ಎಲ್ಲದ, ಎಲ್ಲಾ ತಿಳಿಸಿ ಬಂದೆ. ಅಂಗಡಿ ಇಟ್ಕೊಂಡಾನ, ಗುಂಡಿ ಒತ್ತಾಕ ಬರಂಗಿಲ್ಲ!”

ರುಚಿ ಹತ್ತಿ ಇನ್ನಷ್ಟು ಹೇಳಲೆಂದು ಮುಂದಕ್ಕೆ ಬಾಗಿದೆ. ಎದೆ ಮುಂದಿನ ಸೀಟಿನ ಸರಳಿಗೆ ಒತ್ತಿತು.

ಒಮ್ಮೆಲೇ ನನ್ನ ಬಿಳಿ ಅಂಗಿಯೊಳಗೆ ಸಿಡಿಲು ಸುರುವಾಯಿತು. ಚಕ್, ಚಕ್, ಚಕ್! ಬಸ್ಸಿನಲ್ಲಿದ್ದ ಅಷ್ಟೂ ತಲೆಗಳು ಕುಣಿದವು. “ಅಯ್ಯೋ, ಮುದುಕನ ಎದಿ ಹತ್ತೇದ!” ಎಂದು ಯಾರೋ ಕೂಗಿದರು. ಕೂಸೊಂದು ಅತ್ತಿತು. ಕಂಡಕ್ಟರು ಸೀಟಿ ಊದಿದ.

ನಾನು ಕಿಸೆಯ ಮೇಲಿಂದಲೇ ಗುಂಡಿ ಹಿಡಿದೆ. ಒತ್ತಿ ಹಿಡಿಯಬೇಕೆಂದು ಅಂಗಡಿಯಲ್ಲಿ ಕಲಿತಿದ್ದೆನಲ್ಲ! ಆದರೆ ಒತ್ತಿ ಹಿಡಿದರೆ ಬೀಗ ಬೀಳುವುದು ಆರಿದ್ದಾಗ. ಹತ್ತಿರುವಾಗ ಹಿಡಿದರೆ ಬೆಳಕು ಬದಲಾಗುತ್ತದೆ. ನಾನು ಒತ್ತಿದಷ್ಟೂ ಸಣ್ಣದು, ನಡುವಿನದು, ಜೋರು, ಚಕಮಕಿ, ಮತ್ತೆ ಸಣ್ಣದು. ಮದುವೆ ಮೆರವಣಿಗೆಯ ಸೀರಿಯಲ್ ಬಲ್ಬಿನಂತೆ ನಾನು ಬಗೆಬಗೆಯಾಗಿ ಬೆಳಗಿದೆ. ಎಂದೂ ಹಿಡಿಯದವನು ಅಂದು ಹಿಡಿದದ್ದೇ ಹಿಡಿದದ್ದು, ಬಿಡಲೊಲ್ಲೆ.

ಜ್ಞಾನೇಶ್ವರ ಸೀಟಿನಿಂದ ಅರ್ಧ ಎದ್ದು, ಸಂತೋಷದಿಂದ ಮುಂದಕ್ಕೆ ಕೂಗಿದ. “ಕಾಕೂ! ನಿಮ್ಮ ತಮ್ಮಗ ಬರಲಾರದ್ದು ಕಾಕಾ ರಿಪೇರಿ ಮಾಡಿ ಕಲಿಸಿ ಬಂದಾರಂತಲ್ರಿ, ಅದೇ ಬ್ಯಾಟರಿ ಏನ್ರಿ ಇದು?”

ಎಂಜಿನ್ನು ಅದೇ ಕ್ಷಣ ಆರಿತು. ಬಸ್ಸು ಹೆದ್ದಾರಿಯಿಂದ ಕಲ್ಯಾಣಕ್ಕೆ ತಿರುಗುವ ಸಸ್ತಾಪುರ ಬಂಗ್ಲಾ ಸ್ಟಾಪಿನಲ್ಲಿ ನಿಂತಿತ್ತು. ಎದುರಿನ ಬದಿಯಲ್ಲಿ ಹುಮನಾಬಾದಿಗೆ ಹೋಗುವ ಬಸ್ಸು ಸಿದ್ಧವಾಗಿತ್ತು. ಮಾಣಿಕಮ್ಮ ಚೀಲ ಹಿಡಿದು ಎದ್ದಳು.

“ಕಂಡಕ್ಟರ್ ಸಾಹೇಬ್ರ, ಜರಾ ತಡೀರಿ. ನಾ ಇಲ್ಲೇ ಇಳೀತೀನಿ.”

ನನ್ನ ಕಣ್ಣ ಮುಂದೆ ಅಳಿಯ ಬಂದ, ಬೀಗರು ಬಂದರು, ಆರತಿ ತಟ್ಟೆ ಹಿಡಿದ ನಾನು ಬಂದೆ. ಮಗಳ ಬಾಡಿದ ಮುಖ ಬಂತು. ಜನರನ್ನು ತಳ್ಳಿಕೊಂಡು ಬಾಗಿಲಿಗೆ ಓಡಿದೆ.

“ಸುಳ್ಳು!” ಎಂದು ಇಡೀ ಬಸ್ಸಿಗೆ ಕೇಳುವಂತೆ ಕೂಗಿದೆ. ಎದೆಯ ಮೇಲೆ ಚಕ್ ಚಕ್ ನಡೆದೇ ಇತ್ತು. ನಾಟಕದ ರಂಗದಲ್ಲೂ ಯಾರಿಗೂ ಅಂಥ ಬೆಳಕು ಬಿದ್ದಿರಲಿಕ್ಕಿಲ್ಲ. “ಜ್ಞಾನೇಶ್ವರಗ ಹೇಳಿದ್ದೆಲ್ಲಾ ಸುಳ್ಳು! ಶರಣಕುಮಾರಗ ಬರ್ತದ, ನನಗ ಬರಂಗಿಲ್ಲ! ಇದನ್ನ ಆರಸಾಕೂ ನನಗ ಬರವಲ್ದು! ಇಳೀಬ್ಯಾಡ, ಐಶ್ವರ್ಯನ ಸಲುವಾಗಿರೆ ಕೂಡೇ!”

ಬಸ್ಸೆಲ್ಲ ಮಾಣಿಕಮ್ಮನ ಮುಖ ನೋಡಿತು. ಆಕೆ ಚೀಲ ಕೆಳಗಿಟ್ಟಳು. ಕೈ ಚಾಚಿ ನನ್ನ ಕಿಸೆಯ ಮೇಲೆ, ಸೊಳ್ಳೆ ಹೊಡೆದಷ್ಟು ಹಗುರಾಗಿ, ಒಮ್ಮೆ ಒತ್ತಿದಳು. ಆರಿತು.

“ಹಿಡಿಯೋದಲ್ರಿ. ಈಗ ಬರೇ ಒತ್ತೋದು,” ಎಂದು ಕೂತಳು. ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಎದ್ದು, “ಕೂಡಪ್ಪ ಯಜಮಾನ, ನಿನಗ ಭಾಳ ಸುಸ್ತ ಆಗೇದ” ಎಂದು ತನ್ನ ಸೀಟು ನನಗೆ ಬಿಟ್ಟುಕೊಟ್ಟಳು. ಬಸ್ಸು ಕಲ್ಯಾಣದ ಕಡೆ ತಿರುಗಿತು.

ಹೆಂಡತಿ ಪಕ್ಕದಲ್ಲಿದ್ದಳು, ಹಬ್ಬ ಉಳಿದಿತ್ತು. ಮನಸ್ಸು ನಿಧಾನಕ್ಕೆ ನೆಟ್ಟಗಾಯಿತು. ನೆಟ್ಟಗಾದ ಮನಸ್ಸು ಸುಮ್ಮನಿರುವುದಿಲ್ಲ. ಕಿಟಕಿಯ ಕಡೆ ಮುಖ ಮಾಡಿ, ಗಾಳಿಗೂ ಕೇಳಿಸದಷ್ಟು ಮೆಲ್ಲಗೆ, “ಏನೇ ಅಂದ್ರೂ ಬೀಗ ಹಾಕಿದವ ಅಂತೂ ನಾ ಅಲ್ಲ” ಎಂದು ಗೊಣಗಿ, ಗತ್ತಿನಿಂದ ಎದೆಯ ಮೇಲೆ ಕೈ ಕಟ್ಟಿದೆ.

ಚಕ್, ಚಕ್, ಚಕ್, ಚಕ್.